ಡಿಕ್ರಿ ಬಂತು, ಜಮೀನು ಬರಲಿಲ್ಲ

ದಾವಣಗೆರೆ, ಹರಿಹರದ ಕಡೆ ಪಾಲಿನ ದಾವೆ ಹೂಡಲು ಜನ ಈಗ ಮೊದಲಿನಷ್ಟು ಹಿಂಜರಿಯುವುದಿಲ್ಲ. ಅಣ್ಣತಮ್ಮಂದಿರು ಹಿಂದಿನಿಂದಲೂ ಹೂಡುತ್ತಿದ್ದರು. ಈಗ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ವಕಾಲತ್ತಿಗೆ ಸಹಿ ಹಾಕುತ್ತಾರೆ. ಇದಕ್ಕೆ ಕಾನೂನಿನ ಬಲವಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂಬುದನ್ನು ಕರ್ನಾಟಕ 1994ರಲ್ಲೇ ಒಪ್ಪಿತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಷರತ್ತನ್ನು ತೆಗೆಯಿತು. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಕ್ಕಿನ ಮಟ್ಟಿಗೆ ವಾದ ಮುಗಿದಿದೆ. ಆ ಹಕ್ಕನ್ನು ನೆಲಕ್ಕೆ ಇಳಿಸಬೇಕಾದ ಕೆಳಗಿನ ನ್ಯಾಯಾಲಯ ಏನು ಮಾಡುತ್ತಿದೆ, ನಾವು ಅದನ್ನು ಹೇಗೆ ಬಳಸುತ್ತಿದ್ದೇವೆ ಎಂಬುದೇ ನನ್ನ ಚಿಂತೆ.

ಈ ನ್ಯಾಯಾಲಯಗಳ ದೊಡ್ಡ ಗುಣ ತಡೆಯಾಜ್ಞೆ. ಅಣ್ಣ ಜಮೀನು ಮಾರಲು ಹೊರಟಿದ್ದಾನೆಂದು ತಿಳಿದರೆ, ಕಾಗದಪತ್ರ ಸರಿಯಿದ್ದರೆ, ಕೆಲವೇ ದಿನಗಳಲ್ಲಿ ಕೈ ಕಟ್ಟಿಸಬಹುದು. ಬಡವರಿಗೂ ಒದಗುವ ರಕ್ಷಣೆ ಇದು. ಆದರೆ ಇದೇ ರಕ್ಷಣೆಯನ್ನು ಒತ್ತಡ ಹೇರುವ ಸಾಧನವಾಗಿ ಬಳಸುವುದನ್ನೂ ನಮ್ಮ ಜನ ಕಲಿತಿದ್ದಾರೆ. ‘ಸ್ಟೇ ತಂದೀನಿ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಜಗಳದ ಕೊನೆಯ ಮಾತಾಗಿದೆ. ಮುಂದೆ ಕೇಸು ನಡೆಯಲಿ ಬಿಡಲಿ, ಎದುರಿನವರು ಬಗ್ಗಿದರೆ ಸಾಕು.

ಕೋರ್ಟ್ ಹಾಲಿನಲ್ಲಿ ಒಂದು ಗಂಟೆ ಕುಳಿತರೆ ಉಳಿದದ್ದು ಕಾಣುತ್ತದೆ. ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಿ ಕೂರಬಹುದು. ಆ ಬಾಗಿಲು ತೆರೆದಿರುವುದು ಸಣ್ಣ ಮಾತಲ್ಲ. ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರೆ. ಒಬ್ಬಾಕೆ ಎದ್ದು, ಸೆರಗು ಸರಿಪಡಿಸಿಕೊಂಡು, ಪ್ಲಾಸ್ಟಿಕ್ ಕವರ್‌ನಿಂದ ಪಹಣಿ, ವಂಶವೃಕ್ಷ ಹೊರತೆಗೆಯುವಷ್ಟರಲ್ಲಿ ಎದುರು ವಕೀಲರು ಸಮಯ ಕೇಳಿಯಾಗಿರುತ್ತದೆ. ಬೆಂಚ್ ಕ್ಲರ್ಕ್ ಮುಂದಿನ ತಾರೀಖು ಹೇಳುತ್ತಾರೆ. ಆಕೆ ಅದನ್ನು ಕವರ್ ಮೇಲೇ ಬರೆದುಕೊಳ್ಳುತ್ತಾಳೆ. ಹಳೆಯ ತಾರೀಖುಗಳೂ ಅಲ್ಲೇ ಇವೆ, ಒಂದರ ಕೆಳಗೆ ಒಂದು. ವಿಚಾರಣೆಯ ವೇಳೆ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ ಹೇಳುತ್ತದೆ. ಕೈಮೀರಿದ ಸಂದರ್ಭಗಳಿಗೆಂದು 2005ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟ ವಿನಾಯಿತಿಯೇ ಈಗ ದಿನನಿತ್ಯದ ರೂಢಿ. ವಾಯಿದೆ ಕೇಳುವವನಿಗೆ ಲಾಭವಿದೆ: ಭದ್ರಾ ನಾಲೆಗೆ ನೀರು ಬಿಟ್ಟ ವರ್ಷ ಎರಡು ಬೆಳೆ ಭತ್ತ, ಅಷ್ಟೂ ಸ್ವಾಧೀನದಲ್ಲಿರುವವನ ಪಾಲಿಗೆ.

ಇಷ್ಟೆಲ್ಲ ದಾಟಿ ಡಿಕ್ರಿ ಆದರೂ ಅದು ಪ್ರಾಥಮಿಕ ಡಿಕ್ರಿ. ಇಂತಿಷ್ಟರಲ್ಲಿ ಒಂದು ಪಾಲು ನಿಮ್ಮದು ಎಂದು ಅದು ಹೇಳುತ್ತದೆಯೇ ಹೊರತು ಯಾವ ಬದುವಿನಿಂದ ಯಾವ ಬದುವಿಗೆ ಎಂದು ಹೇಳುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿಯ ಅರ್ಜಿ, ಮತ್ತೆ ನೋಟಿಸು, ಮತ್ತೆ ತಕರಾರು. ಕಂದಾಯದ ಜಮೀನಾದರೆ ಸಂಹಿತೆಯ 54ನೇ ಕಲಮಿನಂತೆ ಕಡತ ಜಿಲ್ಲಾಧಿಕಾರಿಗಳ ಕಡೆಗೆ, ಅಲ್ಲಿಂದ ಸರ್ವೆಯವರ ಕೈಗೆ. ಹರಿಹರ ತಾಲ್ಲೂಕಿನಲ್ಲಿ ಅಳತೆ ಗುಂಟೆ ಲೆಕ್ಕದಲ್ಲಿ ಮುಗಿಯುವುದಿಲ್ಲ. ತೂಬಿನ ಹತ್ತಿರದ ಎಕರೆಗೂ ನೀರು ತಲುಪದ ಕೊನೆಭಾಗದ ಎಕರೆಗೂ ಅಜಗಜಾಂತರ. ತಂಗಿಯ ಪಾಲಿಗೆ ಯಾವುದನ್ನು ತೋರಿಸುತ್ತಾರೆಂದು ಊಹಿಸಲು ಕಷ್ಟಪಡಬೇಕಿಲ್ಲ. ಪ್ರಾಥಮಿಕ ಡಿಕ್ರಿಯಾದ ಮೇಲೆ ಪ್ರತ್ಯೇಕ ಅರ್ಜಿಗೆ ಕಾಯದೆ ನ್ಯಾಯಾಲಯವೇ ಮುಂದುವರಿಯಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೂ ಹಿಂದಿನ ವರ್ಷ, ಬೆಂಗಳೂರಿನ ಆಸ್ತಿಯೊಂದರ ಪ್ರಕರಣದಲ್ಲಿ, ಡಿಕ್ರಿ ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಿ ಎಂದಿತ್ತು. ಡಿಕ್ರಿ ಸಿಕ್ಕ ಮೇಲೆಯೇ ಇಲ್ಲಿ ಕಕ್ಷಿದಾರನ ಕಷ್ಟ ಶುರುವಾಗುತ್ತದೆ ಎಂದು ಪ್ರಿವಿ ಕೌನ್ಸಿಲ್ 1872ರಲ್ಲೇ ಗುರುತಿಸಿತ್ತು. ಒಂದೂವರೆ ಶತಮಾನದ ಮೇಲೂ ಅದು ನಿಜವಾಗಿರುವುದು ನನಗೆ ನೋವಿನ ಸಂಗತಿ.

ಇನ್ನು ಲೋಕ ಅದಾಲತ್. ಚೆಕ್ ಬೌನ್ಸ್, ಹೆದ್ದಾರಿ ಅಪಘಾತದ ಪರಿಹಾರ, ಬ್ಯಾಂಕ್ ಸಾಲ, ಇವುಗಳಿಗೆ ಅದು ನಿಜಕ್ಕೂ ಉಪಕಾರಿ. ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸ್ ಬರುತ್ತದೆ, ಮೇಲ್ಮನವಿಯ ಕಾಟವಿಲ್ಲ. ಹೆಣ್ಣುಮಗಳ ಪಾಲಿನ ದಾವೆಯನ್ನು ಅದೇ ತಕ್ಕಡಿಗೆ ಹಾಕುವುದನ್ನು ಮಾತ್ರ ನಾನು ಒಪ್ಪಲಾರೆ. ‘ತವರಿನ ಬಾಗಿಲು ಮುಚ್ಚಿಕೊಳ್ಳಬೇಡವ್ವಾ’ ಎಂದು ನೆಂಟರು ಹೇಳಿದ ಮೇಲೆ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಪಡೆದು ಹಕ್ಕು ಬಿಟ್ಟುಕೊಡುವ ಸಹಿಯೂ ಅಂಕಿಅಂಶದಲ್ಲಿ ‘ರಾಜಿಯಾದ ಪ್ರಕರಣ’. ದಣಿವಿಗೆ ಬಿದ್ದ ಸಹಿಯನ್ನೂ ಒಪ್ಪಿಗೆಗೆ ಬಿದ್ದ ಸಹಿಯನ್ನೂ ಆ ಲೆಕ್ಕ ಬೇರೆ ಮಾಡುವುದಿಲ್ಲ. ಮೇಲ್ಮನವಿ ಇಲ್ಲದಿರುವುದು ಇಲ್ಲಿ ಆಕೆಗೇ ಮುಳುವು.

ಭೂಗೋಳವೂ ಆಕೆಗೆ ಅನುಕೂಲವಾಗಿಲ್ಲ. ಹರಿಹರದಿಂದ ತುಂಗಭದ್ರಾ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿನ ಪ್ರಕರಣ ಹೈಕೋರ್ಟಿಗೆ ಹೋದರೆ ಧಾರವಾಡ ಪೀಠ. ಈಚೆ ದಡದ್ದಾದರೆ ಇನ್ನೂರೈವತ್ತು ಕಿಲೋಮೀಟರ್ ಮೀರಿದ ಬೆಂಗಳೂರು. ಗೆದ್ದವಳನ್ನು ಅಷ್ಟು ದೂರ ಎಳೆಯುತ್ತೇನೆಂಬ ಬೆದರಿಕೆಯೇ ಎಷ್ಟೋ ಸಲ ಸಾಕು.

ನ್ಯಾಯಾಧೀಶರ ಮೇಲೆ ಕೆಲಸದ ಹೊರೆ ಇರುವುದು ನಿಜ, ಅದನ್ನು ಮರೆಯಬಾರದು. ಆದರೆ ಇತ್ಯರ್ಥದ ಸಂಖ್ಯೆಯಿಂದಲೇ ಅವರ ಕೆಲಸ ಅಳೆಯುವವರೆಗೆ ಅಮಲ್ಜಾರಿ ಕಡತ ಅಡಿಯಲ್ಲೇ ಉಳಿಯುತ್ತದೆ. ಅಂತಿಮ ಡಿಕ್ರಿಗೆ ಕಾದಿರುವ ಪಾಲಿನ ದಾವೆಗಳ ಪಟ್ಟಿಯನ್ನು ಜಿಲ್ಲಾ ನ್ಯಾಯಾಲಯ ವರ್ಷಕ್ಕೊಮ್ಮೆ ಪ್ರಕಟಿಸಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಮಹಿಳೆಗೆ ಉಚಿತ ವಕೀಲರು ಸಿಗಲು ಆದಾಯದ ಮಿತಿ ಅಡ್ಡಬರುವುದಿಲ್ಲ. ದಾವಣಗೆರೆಯ ಜಿಲ್ಲಾ ಪ್ರಾಧಿಕಾರ, ಹರಿಹರದ ತಾಲ್ಲೂಕು ಸಮಿತಿ ಆ ಪಟ್ಟಿಯಲ್ಲಿರುವ ಹೆಣ್ಣುಮಕ್ಕಳಿಗೆ ತಾವಾಗಿಯೇ ಪತ್ರ ಬರೆದು, ಸರ್ವೆಯವರು ಹೊಲದಲ್ಲಿ ಕಲ್ಲು ನೆಡುವ ದಿನವೂ ಪಕ್ಕದಲ್ಲಿ ನಿಲ್ಲುವ ವಕೀಲರನ್ನು ಕೊಡಬೇಕು.