ಮೈಕಿನ ಮಾತು, ಕಲ್ಲಿನ ಮಾತು

"ಗುಜರಾತಿನ ಐತಿಹಾಸಿಕ ಸ್ಮಾರಕಗಳು ಒಂದೇ ದಿನದಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ರಾತ್ರಿ ಮನೆಗೆ. ಗೈಡ್ ಸಮೇತ." ಕಳೆದ ಚಳಿಗಾಲದಲ್ಲಿ ಇಂಥದೊಂದು ಪ್ರಕಟಣೆ ನಮ್ಮ ಕಾಲೊನಿಯ ಫಲಕದ ಮೇಲೆ ಕಾಣಿಸಿಕೊಂಡಾಗ ಹಜೀರಾದ ನಾವು ಏಳೆಂಟು ಕನ್ನಡ ಸಂಸಾರಗಳು ಹಿಂದುಮುಂದು ನೋಡದೆ ಹೆಸರು ಕೊಟ್ಟೆವು. ಹಜೀರಾ ಎಂದರೆ ತಾಪಿ ನದಿ ಸಮುದ್ರ ಸೇರುವ ಮೂಲೆ. ಗೊಬ್ಬರ, ಉಕ್ಕು, ಅನಿಲಗಳ ಕಾರ್ಖಾನೆಗಳೇ ಇಲ್ಲಿಯ ಗೋಪುರಗಳು. ಪಾಳಿಯ ಕೆಲಸಕ್ಕೆ ಹೊಂದಿಕೊಂಡ ನಮಗೆ ಮೂರು ಗಂಟೆಗೆ ಏಳುವುದು ಕಷ್ಟವಲ್ಲ. ಹೆಂಗಸರು ಹಿಂದಿನ ರಾತ್ರಿಯೇ ಹುಳಿಯನ್ನದ ಗೊಜ್ಜು ಕಾಯಿಸಿಟ್ಟಿದ್ದರು. ಶಾಲು ಹೊದ್ದ ಮಕ್ಕಳನ್ನು ನಿದ್ದೆಯಲ್ಲೇ ಎತ್ತಿ ತಂದು ಸೀಟಿನಲ್ಲಿ ಮಲಗಿಸಿದ್ದಾಯಿತು. ಬಸ್ಸು ಹೊರಟಿತು.

ಹೊರಟದ್ದು ಎಲ್ಲಿಂದ ಎಂಬುದನ್ನೂ ಹೇಳಬೇಕು. ನಮ್ಮ ಪಕ್ಕದ ಸುವಾಲಿಯ ಕಡಲಿನಲ್ಲಿ 1612ರಲ್ಲಿ ಇಂಗ್ಲಿಷರ ಹಡಗುಗಳಿಗೂ ಪೋರ್ಚುಗೀಸರ ಹಡಗುಗಳಿಗೂ ಕಾಳಗ ನಡೆಯಿತು. ಅದರಲ್ಲಿ ಗೆದ್ದ ಮೇಲೆಯೇ ಸೂರತ್ತಿನಲ್ಲಿ ಇಂಗ್ಲಿಷರ ಕೋಠಿ ನೆಲೆಯೂರಿದ್ದು. ಇಪ್ಪತ್ತು ವರ್ಷದಿಂದ ಇಲ್ಲೇ ಇರುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಇತಿಹಾಸ ನೋಡಲು ಹೊರಟ ಬಸ್ಸು ಮನೆಬಾಗಿಲಿನ ಇತಿಹಾಸವನ್ನು ಕತ್ತಲಲ್ಲಿ ಬಿಟ್ಟು ಹೆದ್ದಾರಿ ಹಿಡಿಯಿತು.

ನಾಟಕ ನೋಡಿ ಬಂದವರು ನಾಟಕದ ವಿಮರ್ಶೆ ಬರೆಯುತ್ತಾರೆ, ಸಂಗೀತ ಕೇಳಿ ಬಂದವರು ಸಂಗೀತದ್ದು. ಪ್ರವಾಸ ಹೋಗಿ ಬಂದವರು ಮಾತ್ರ ಊರುಗಳ ವರ್ಣನೆ ಬರೆಯುತ್ತಾರೆಯೇ ಹೊರತು ತಾವು ಇಡೀ ದಿನ ಕೇಳಿದ ಗೈಡಿನ ಭಾಷಣವನ್ನು ವಿಮರ್ಶೆಗೆ ತರುವುದಿಲ್ಲ. ಅದೂ ಒಂದು ಕೃತಿಯೇ. ಅದಕ್ಕೂ ಆದಿ, ಅಂತ್ಯ, ನಾಯಕ, ಖಳನಾಯಕ, ಹಾಸ್ಯಪ್ರಸಂಗಗಳುಂಟು. ಪುಸ್ತಕ ಓದದವರೂ ಅದನ್ನು ಕೇಳುತ್ತಾರೆ, ಕೇಳಿದ್ದನ್ನು ನಂಬುತ್ತಾರೆ. ಆದ್ದರಿಂದ ಆ ಕೃತಿಯನ್ನು ಸ್ವಲ್ಪ ಒರೆಗೆ ಹಚ್ಚಿ ನೋಡುವುದು ತಪ್ಪಾಗಲಾರದೆಂದು ಭಾವಿಸಿದ್ದೇನೆ. ನಮ್ಮ ಗೈಡ್ ಹಸನ್ಮುಖಿಯಾದ ತರುಣ. ಬೆಳಗಿನಿಂದ ರಾತ್ರಿಯವರೆಗೆ ಮೈಕು ಹಿಡಿದು ಗಂಟಲು ಹರಿದುಕೊಂಡವನು. ಅವನ ಮೇಲೆ ನನಗೆ ಸಿಟ್ಟಿಲ್ಲ.

ಮೊದಲು ಗುಣವನ್ನೇ ಹೇಳುತ್ತೇನೆ. ವಡೋದರಾ ಮುಟ್ಟಿದಾಗ ಬಿಸಿಲು ಆಗತಾನೆ ಏರುತ್ತಿತ್ತು. ಅಲ್ಲಿಯ ಸ್ಮಾರಕದ ಹೆಸರು ಕೇಳಿ ಮಕ್ಕಳಿಗೆಲ್ಲ ನಗು: ಅದೂ 'ಹಜೀರಾ'! ನಮ್ಮ ಊರನ್ನು ಬಿಟ್ಟು ಬಂದು ನಮ್ಮ ಊರಿಗೇ ಇಳಿದಂತಾಯಿತು. ಗೈಡ್ ಈ ಸಂದರ್ಭವನ್ನು ಚೆನ್ನಾಗಿ ಬಳಸಿಕೊಂಡ. ಹಜೀರಾ ಎಂಬುದು ಅರಬ್ಬಿ ಮೂಲದ ಶಬ್ದ, ಆವರಣ ಎಂದು ಅರ್ಥ, ಗೋರಿಯಿರುವ ಆವರಣಕ್ಕೆ ಆ ಹೆಸರು ನಿಂತಿತು ಎಂದು ವಿವರಿಸಿದ. ಇಲ್ಲಿ ಮಲಗಿರುವವನು ಕುತುಬುದ್ದೀನ್ ಮಹಮ್ಮದ್ ಖಾನ್, ಅಕ್ಬರನ ಸರದಾರ, ಮುಂದೆ ಜಹಾಂಗೀರನೆನಿಸಿದ ಸಲೀಮನಿಗೆ ಗುರುವಾಗಿದ್ದವನು. ಗುಜರಾತಿನ ಕೊನೆಯ ಸುಲ್ತಾನ ಮೂರನೆಯ ಮುಜಫರ್ ಕಳೆದುಕೊಂಡ ರಾಜ್ಯಕ್ಕಾಗಿ ತಿರುಗಿಬಿದ್ದಾಗ, 1583ರಲ್ಲಿ, ಅವನ ಕೈಯಿಂದ ಹತನಾದ. ಗೋರಿ ಎದ್ದದ್ದು ಅದಾದ ಕೆಲವೇ ವರ್ಷಗಳಲ್ಲಿ. ಎಂಟು ಮೂಲೆಯ ಜಗತಿ, ಅದರ ಮೇಲೆ ಕಮಾನುಗಳು, ಅದರ ಮೇಲೆ ಗುಮ್ಮಟ. "ದಿಲ್ಲಿಯ ಹುಮಾಯೂನನ ಗೋರಿ ನೋಡಿದ್ದೀರಾ? ಇದು ಅದರ ಚಿಕ್ಕ ತಮ್ಮ" ಎಂದ. ಒಂದೇ ಮಾತಿನಲ್ಲಿ ಶೈಲಿಯ ಪರಿಚಯ ಮುಗಿಯಿತು. ಹೇಳಿದ್ದು ಕಡಿಮೆ, ಹೇಳಿದ್ದೆಲ್ಲ ಕಣ್ಣಿಗೆ ಕಾಣುವಂಥದು. ಇಷ್ಟು ಚೆನ್ನಾಗಿ ಮಾತನಾಡಬಲ್ಲ ಮನುಷ್ಯ ಮುಂದೆ ದಾರಿ ತಪ್ಪಿದ್ದು ಏಕೆ ಎಂಬುದೇ ಪ್ರಶ್ನೆ.

ಅಹಮದಾಬಾದಿನ ಉತ್ತರಕ್ಕಿರುವ ಅಡಾಲಜ್ ಬಾವಿಗೆ ಬಂದೆವು. ಗುಜರಾತಿನಲ್ಲಿದ್ದು ಇದನ್ನು ನೋಡದವರಿಗೆ ನನ್ನ ಒತ್ತಾಯದ ಮಾತು: ನೋಡಿ. ಮೂರು ಕಡೆಯಿಂದ ಇಳಿಯುವ ಮೆಟ್ಟಿಲುಗಳು ಒಂದು ಕಡೆ ಸೇರಿ, ಅಲ್ಲಿಂದ ಐದು ಅಂತಸ್ತು ನೆಲದೊಳಕ್ಕೆ ಇಳಿಯುತ್ತವೆ. ಕಂಬ, ತೊಲೆ, ಗೂಡು ಎಲ್ಲಕ್ಕೂ ಕೆತ್ತನೆ. ಇಳಿದಂತೆಲ್ಲ ಗಾಳಿ ತಣ್ಣಗಾಗುತ್ತದೆ. ಬಸ್ಸಿನ ದಣಿವೆಲ್ಲ ಎರಡನೆಯ ಅಂತಸ್ತಿನಲ್ಲೇ ಇಳಿದುಹೋಯಿತು.

ಅಲ್ಲಿ ಗೈಡ್ ಕಥೆ ತೆಗೆದ. ವಾಘೇಲಾ ಅರಸ ವೀರಸಿಂಹ ಬಾವಿ ಕಟ್ಟಿಸಲು ಹೊರಟಿದ್ದ. ಸುಲ್ತಾನ ಮಹಮದ್ ಬೇಗಡಾ ದಂಡೆತ್ತಿ ಬಂದು ಅವನನ್ನು ಕೊಂದ. ವಿಧವೆಯಾದ ರಾಣಿ ರೂಡಾಳ ರೂಪಕ್ಕೆ ಮರುಳಾಗಿ ಮದುವೆಯಾಗೆಂದ. ಬಾವಿ ಮುಗಿಸಿಕೊಟ್ಟರೆ ಆಗಲಿ ಎಂದಳು ಅವಳು. ಬಾವಿ ಮುಗಿಯಿತು. ರಾಣಿ ಅದೇ ನೀರಿಗೆ ಹಾರಿ ಪ್ರಾಣ ಬಿಟ್ಟಳು. ತರುಣ ಚೆನ್ನಾಗಿಯೇ ಹೇಳಿದ. ಕೆಲವರು ಕಣ್ಣೊರೆಸಿಕೊಂಡರು. ಒಬ್ಬ ಹಿರಿಯರು "ಎಂಥ ದುಷ್ಟ ಕಾಲ!" ಎಂದು ನಿಟ್ಟುಸಿರಿಟ್ಟರು. ಎಲ್ಲರೂ ಬಗ್ಗಿ ನೀರನ್ನು ನೋಡಿ, ಫೋಟೋ ತೆಗೆದುಕೊಂಡು ಮೇಲೆ ಹತ್ತಿದರು.

ಏಳನೆಯ ತರಗತಿಯ ನನ್ನ ಮಗಳು ಮಾತ್ರ ಹಿಂದೆ ಉಳಿದಿದ್ದಳು. ಗೂಡೊಂದರಲ್ಲಿ ಕೂರಿಸಿದ ಅಮೃತಶಿಲೆಯ ಫಲಕದ ಮುಂದೆ ನಿಂತು, "ಅಪ್ಪಾ, ಇದು ನಮ್ಮ ಹಿಂದಿ ಅಕ್ಷರದ ಹಾಗೇ ಇದೆ. ಅಲ್ಲೊಂದು ಇಲ್ಲೊಂದು ಗೊತ್ತಾಗುತ್ತೆ. ಏನು ಬರೆದಿದೆ?" ಎಂದಳು. ನಾನು ಗೈಡನ್ನು ಕೇಳಿದೆ. "ಹಳೆಯ ಬರಹ ಅಂಕಲ್, ಯಾರಿಗೂ ಓದಲಿಕ್ಕೆ ಬರುವುದಿಲ್ಲ. ಹೊತ್ತಾಯಿತು, ನಡೆಯಿರಿ" ಎಂದ.

ಯಾರಿಗೂ ಓದಲು ಬಾರದ ಬರಹವೇನಲ್ಲ ಅದು. ದೇವನಾಗರಿ ಲಿಪಿಯ ಸಂಸ್ಕೃತ ಶಾಸನ. ವಿದ್ವಾಂಸರು ಎಂದೋ ಓದಿ ಅಚ್ಚು ಹಾಕಿಸಿದ್ದಾರೆ. ಮನೆಗೆ ಬಂದ ಮೇಲೆ ಹುಡುಕಿ ನೋಡಿದೆ. ಅದರ ಸಾರ ಇಷ್ಟು: ಸಂವತ್ 1555ರಲ್ಲಿ, ಎಂದರೆ ಕ್ರಿ.ಶ. 1499ರ ಸುಮಾರಿಗೆ, ಮಹಮದ್ ಪಾದಶಹನು ಆಳುತ್ತಿದ್ದಾಗ, ವೀರಸಿಂಹನ ರಾಣಿ ರೂಡಾದೇವಿ ಈ ಬಾವಿಯನ್ನು ಕಟ್ಟಿಸಿದಳು. ಐದು ಲಕ್ಷಕ್ಕೂ ಮೀರಿ ಟಂಕಗಳು ಖರ್ಚಾದವು. ದಂಡಿನ ಮಾತಿಲ್ಲ, ಮದುವೆಯ ಮಾತಿಲ್ಲ, ಹಾರಿಕೊಂಡ ಮಾತಿಲ್ಲ. ಸುಲ್ತಾನನ ಹೆಸರನ್ನು ಆಳುವ ದೊರೆಯೆಂದು ಸಂಸ್ಕೃತದಲ್ಲೇ ಹೇಳಿದೆ.

ಅಹಮದಾಬಾದಿನ ಅಸಾರವಾದಲ್ಲಿ ದಾದಾ ಹರೀರ್ ಬಾವಿ ಎಂಬ ಇನ್ನೊಂದಿದೆ. ಅದೂ ಇದೇ ಸುಮಾರಿನದು, ಇದೇ ಮಾದರಿಯದು. ಕಟ್ಟಿಸಿದವಳು ಮಹಮದ್ ಬೇಗಡಾನ ಅಂತಃಪುರದ ಬಾಯಿ ಹರೀರ್. ಅಲ್ಲಿ ಸಂಸ್ಕೃತ ಶಾಸನವೂ ಇದೆ, ಅರಬ್ಬಿ ಶಾಸನವೂ ಇದೆ. ಎರಡು ಮತಗಳ ಇಬ್ಬರು ಹೆಂಗಸರು ಒಂದೇ ಕಾಲದಲ್ಲಿ, ಒಂದೇ ಬಗೆಯ ಕುಶಲಿಗಳಿಂದ, ಬಾಯಾರಿದ ದಾರಿಹೋಕರಿಗಾಗಿ ನೆಲ ತೋಡಿಸಿದರು. ಎರಡನ್ನೂ ಜೊತೆಯಾಗಿ ತೋರಿಸಿದ್ದರೆ ಆ ಹಿರಿಯರು ಬೇರೆ ಮಾತು ಆಡುತ್ತಿದ್ದರೇನೋ. ಅಸಾರವಾ ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ದಂತಕಥೆಯನ್ನು ಹೇಳಲೇಬಾರದೆಂದು ನಾನು ವಾದಿಸುತ್ತಿಲ್ಲ. ಜನ ನೂರಾರು ವರ್ಷ ನೆನಪಿಟ್ಟುಕೊಂಡ ಕಥೆಗೂ ಬೆಲೆಯಿದೆ. "ಹೀಗೆಂದು ಹೇಳುತ್ತಾರೆ, ಶಾಸನದಲ್ಲಿ ಮಾತ್ರ ಹೀಗಿದೆ" ಎಂದು ಎರಡು ವಾಕ್ಯ ಕೂಡಿಸಿದ್ದರೆ ನನ್ನ ತಕರಾರು ಮುಗಿಯುತ್ತಿತ್ತು. ಕೂಡಿಸದೆ ಹೋದದ್ದರಿಂದ ಆದ ನಷ್ಟ ಸಣ್ಣದಲ್ಲ. ಐದು ಲಕ್ಷ ಟಂಕ ಖರ್ಚುಮಾಡಿ ತನ್ನ ಹೆಸರಿನಲ್ಲಿ ಬಾವಿ ಕಟ್ಟಿಸಿದ ಯಜಮಾನಿತಿ ಕಥೆಯಲ್ಲಿ ಬರಿಯ ರೂಪವತಿಯಾಗಿ ಉಳಿದಳು. ನೀರಿನ ಬಾವಿ ದ್ವೇಷದ ಬಾವಿಯಾಯಿತು. ಇಂದಿನ ದಿನಗಳಲ್ಲಿ, ಅದರಲ್ಲೂ ನಾವು ಬದುಕು ಕಟ್ಟಿಕೊಂಡಿರುವ ಈ ಸೀಮೆಯಲ್ಲಿ, ಇದನ್ನು ಮಕ್ಕಳ ಕಿವಿಗೆ ಹಾಕುವ ಮೊದಲು ಯೋಚಿಸಬೇಡವೆ? ಎಲ್ಲಕ್ಕಿಂತ ಮಿಗಿಲಾಗಿ, ಅಕ್ಷರ ಗುರುತಿಸಿ ಪ್ರಶ್ನೆ ಕೇಳಿದ ಹುಡುಗಿಗೆ "ಯಾರಿಗೂ ಬರುವುದಿಲ್ಲ" ಎಂಬ ಉತ್ತರ ಸಿಕ್ಕಿತು.

ಇದು ಗುಜರಾತಿನವರ ದೋಷ ಎಂದು ಯಾರೂ ಬೀಗಬೇಕಾಗಿಲ್ಲ. ರಜೆಗೆ ಊರಿಗೆ ಹೋದಾಗ ನಾವೆಲ್ಲ ಬೆಂಗಳೂರಿನಿಂದ ನಸುಕಿನ ಬಸ್ಸು ಹಿಡಿದು ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಒಂದೇ ದಿನದಲ್ಲಿ ಮುಗಿಸಿ ಬಂದವರೇ. ಬೇಲೂರಿನಲ್ಲಿ ಏನು ಕೇಳಿದ್ದೇವೆ? ಜಕಣಾಚಾರಿ, ಡಂಕಣಾಚಾರಿ, ಕಲ್ಲಿನೊಳಗಿನ ಕಪ್ಪೆ, ಕಡಿದುಕೊಂಡ ಕೈ. ಕೇಳಲು ಎಷ್ಟು ಸೊಗಸು! ಆದರೆ 1117ರ ಆ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಕೆತ್ತನೆಗಳ ಬುಡದಲ್ಲೇ ಕನ್ನಡದಲ್ಲಿ ಹೆಸರು ಹಾಕಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳು ಮದನಿಕೆಯರ ಕಾಲ ಕೆಳಗೇ ಇವೆ. ಅಲ್ಲೂ ತಂದೆಮಕ್ಕಳೇ! ಕಥೆಯ ತಂದೆಮಕ್ಕಳು ನಮಗೆ ಬಾಯಿಪಾಠ, ಕಲ್ಲಿನ ತಂದೆಮಕ್ಕಳ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಶಾಂತಲಾದೇವಿ ಎಂಬುದೂ ಕಪ್ಪೆಯ ಹಿಂದೆ ಮರೆಯಾಗಿದೆ. ನಮ್ಮ ಅಕ್ಷರವನ್ನು ನಮ್ಮ ನೆಲದಲ್ಲೇ ಓದದ ನಾವು ಅಡಾಲಜಿನ ತರುಣನನ್ನು ಯಾವ ಬಾಯಿಂದ ಬಯ್ಯುವುದು?

ಮಧ್ಯಾಹ್ನದ ಮೇಲೆ ಅಹಮದಾಬಾದು. ಇಲ್ಲಿ ಕೃತಿ ಪೂರಾ ಕುಸಿಯಿತು. ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಂದ್ರಕ್ಕೆ ಹತ್ತು ನಿಮಿಷ. 1424ರ ಜಾಮಾ ಮಸೀದಿಯಲ್ಲಿ "260 ಕಂಬ, 15 ಗುಮ್ಮಟ" ಎಂಬ ಲೆಕ್ಕ ಒಪ್ಪಿಸಿದ್ದಾಯಿತು. ಅದರ ಎತ್ತರದ ಮಿನಾರುಗಳು 1819ರ ಭೂಕಂಪದಲ್ಲಿ ಉರುಳಿದವು ಎಂಬ ಮಾತು ಇಲ್ಲ. ಮಾಣೇಕ ಚೌಕದಲ್ಲಿ ಮತ್ತೆ ಎರಡು ಹಜೀರಾಗಳು. ಊರು ಕಟ್ಟಿದ ಅಹಮದ್ ಶಹನೂ ಅವನ ಮಗ, ಮೊಮ್ಮಗನೂ ಮಲಗಿರುವ ಬಾದಶಹನ ಹಜೀರಾವನ್ನು ಬಸ್ಸಿಗೆ ಹೊತ್ತಾಯಿತೆಂದು ಹೊರಗಿನಿಂದಲೇ ತೋರಿಸಿದ. ರಾಣಿಯರ ಹಜೀರಾದ ಸುತ್ತ ಹೆಂಗಸರ ಬಟ್ಟೆಬರೆಯ ಸಂತೆ. ಅಲ್ಲಿಗೆ ಮುಕ್ಕಾಲು ಗಂಟೆ ಸಿಕ್ಕಿತು! ಚನಿಯಾ ಚೋಳಿಗಳ ಸಾಲಿನ ಹಿಂದಿನ ಬಯಲಂಗಳದಲ್ಲಿ ಯಾವ ರಾಣಿಯರಿದ್ದಾರೆಂದು ನಮ್ಮ ಹೆಂಗಸರೊಬ್ಬರು ಕೇಳಿದ್ದಕ್ಕೆ "ಹಳೆಯ ಕಾಲದ ರಾಣಿಯರು" ಎಂದ. ಅಲ್ಲಿಯ ಮುಖ್ಯ ಗೋರಿ ಮುಘಲಿ ಬೀಬಿಯದು, ಮಹಮದ್ ಬೇಗಡಾನ ತಾಯಿಯದು. ಬೆಳಗ್ಗೆ ಖಳನಾಯಕನಾಗಿದ್ದವನ ತಾಯಿ ಇಲ್ಲಿ ಕಣ್ಣೆದುರಿಗೇ ಇದ್ದರೂ ಕಥೆಗಾರ ಎರಡನ್ನೂ ಜೋಡಿಸಲಿಲ್ಲ.

ಇದೇ ಊರಿನಲ್ಲಿ ಬೇರೆ ಮಾದರಿಯೂ ಇದೆ. 1997ರಲ್ಲಿ ಅಹಮದಾಬಾದಿನ ಪುರಸಭೆ ಬೆಳಗಿನ ಪಾರಂಪರಿಕ ನಡಿಗೆಯೊಂದನ್ನು ಆರಂಭಿಸಿತು. ಕಾಳುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, ಪೋಳಗಳೆಂಬ ಓಣಿಗಳಲ್ಲಿ ಹಾದು, ಜಾಮಾ ಮಸೀದಿಯಲ್ಲಿ ಮುಗಿಯುವ ಎರಡೂವರೆ ಗಂಟೆಯ ದಾರಿ. ನಡೆಯುವುದು ಒಂದೆರಡು ಮೈಲಿ ಇರಬಹುದು, ಅಷ್ಟರಲ್ಲಿ ಮನೆಗಳ ಮರದ ಕೆತ್ತನೆ, ಮಳೆನೀರಿನ ತೊಟ್ಟಿ, ಹಕ್ಕಿಗಳಿಗೆ ಕಾಳು ಹಾಕುವ ಚಬುತರಾ ಎಲ್ಲವೂ ಕಣ್ಣಿಗೆ ಬೀಳುತ್ತವೆ. 2017ರಲ್ಲಿ ಈ ನಗರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಈ ಓಣಿಗಳಿಗೂ ಆ ಮನ್ನಣೆಯಲ್ಲಿ ಪಾಲಿತ್ತು. ಒಂದೇ ದಿನದಲ್ಲಿ ಐನೂರು ಕಿಲೋಮೀಟರಿಗೂ ಹೆಚ್ಚು ಸುತ್ತಿ ನಾವು ಪಡೆದದ್ದಕ್ಕಿಂತ ಅಲ್ಲಿ ಸಿಗುವುದು ಹೆಚ್ಚು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಕೊನೆಯದಾಗಿ ನಮ್ಮದೇ ಒಂದು ಮಾತು. ಬಸ್ಸಿನ ತುಂಬ ಕನ್ನಡಿಗರು ಎಂದು ಗೈಡಿಗೆ ಗೊತ್ತಿತ್ತು. ಕನ್ನಡಿಗರಿಗೆ ಹೇಳಬಹುದಾದ ಒಂದು ಹೆಸರು ಗುಜರಾತಿನ ಇತಿಹಾಸದಲ್ಲೇ ಇದೆ. ಸಿದ್ಧರಾಜ ಜಯಸಿಂಹನ ತಾಯಿ ಮೀನಳದೇವಿ ಗೋವೆಯ ಕದಂಬ ದೊರೆ ಜಯಕೇಶಿಯ ಮಗಳು. ಕನ್ನಡದಲ್ಲಿ ಶಾಸನ ಬರೆಸಿದ ಮನೆತನದ ಹೆಣ್ಣು ಹನ್ನೊಂದನೆಯ ಶತಮಾನದಲ್ಲೇ ಪಾಟಣದ ಸೊಸೆಯಾಗಿ ಬಂದಿದ್ದಳು. ಸೋಮನಾಥದ ಯಾತ್ರಿಕರ ಮೇಲಿನ ಸುಂಕವನ್ನು ಮಗನಿಂದ ತೆಗೆಸಿದಳೆಂದು ಮೇರುತುಂಗನ 'ಪ್ರಬಂಧ ಚಿಂತಾಮಣಿ'ಯಲ್ಲಿದೆ. ಧೋಳಕಾದ ಮಲಾವ್ ಕೆರೆಯನ್ನು ಜನ ಅವಳ ಹೆಸರಿನಲ್ಲೇ ನೆನೆಯುತ್ತಾರೆ. ಕೆರೆಯ ದಂಡೆಗೆ ಅಡ್ಡವಾಗಿದ್ದ ಒಬ್ಬ ವೇಶ್ಯೆಯ ಮನೆಯನ್ನು ಅವಳು ಬಿಟ್ಟುಕೊಡದಿದ್ದಾಗ ರಾಣಿ ಒತ್ತಾಯಿಸದೆ ಕೆರೆಯ ಅಂದವನ್ನೇ ಬಿಟ್ಟಳಂತೆ. ನ್ಯಾಯ ನೋಡಬೇಕಾದರೆ ಮಲಾವ್ ನೋಡು ಎಂಬ ಮಾತು ಗುಜರಾತಿಯಲ್ಲಿ ಉಳಿದಿದೆ. ಇದೂ ದಂತಕಥೆಯೇ. ಆದರೆ ನೆರೆಹೊರೆಯವರಿಗೆ ಜೊತೆಯಾಗಿ ಕೂತು ಹೇಳಬಹುದಾದ ಕಥೆ. "ನೀವು ಎಲ್ಲಿಂದ ಬಂದವರು?" ಎಂಬ ಪ್ರಶ್ನೆ ಕೇಳಿಸಿಕೊಂಡೇ ಬೆಳೆಯುವ ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಬೇಡವೆ?

ಮನೆ ಸೇರಿದಾಗ ನಡುರಾತ್ರಿ ದಾಟಿತ್ತು. ಮರುದಿನ ಮಗಳು ಶಾಸನದ ಫೋಟೋ ನೋಡುತ್ತ ಗುರುತು ಸಿಕ್ಕಿದ ಅಕ್ಷರಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದಳು. ಹದಿನಾರು ಸಿಕ್ಕಿದ್ದವು.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಇಷ್ಟೆ. ಮುಂದಿನ ಪ್ರವಾಸಕ್ಕೆ ಪಟ್ಟಿ ಚಿಕ್ಕದಾಗಿರಲಿ: ಅಸಾರವಾ ಮತ್ತು ಧೋಳಕಾ, ಎರಡೇ. ಹೋಗುವ ಮೊದಲು ಸದಸ್ಯರೊಬ್ಬರು ಓದಿಕೊಂಡು ಅರ್ಧ ಗಂಟೆ ಕನ್ನಡದಲ್ಲಿ ಹೇಳಲಿ. ಅಸಾರವಾದ ಅರಬ್ಬಿ ಶಾಸನ ಓದಬಲ್ಲ ಸ್ಥಳೀಯರನ್ನು ಗೌರವದಿಂದ ಕರೆಯೋಣ. ಬೆಳಗಿನ ಜಾವ ಏಳುವುದಕ್ಕೆ ನಾವು ಈಗಲೂ ಸಿದ್ಧ. ಹುಳಿಯನ್ನದ ಗೊಜ್ಜು ನಮ್ಮ ಮನೆಯಿಂದ.