ಸಂಬಳ ಕೋಚ್‌ಗೆ, ಹಣ ಕಂಪನಿಗೆ

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಬಿಲ್ ಸೆಲ್ಫ್ ಅವರ ಒಪ್ಪಂದ 2016ರಲ್ಲಿ ಅಲ್ಲಿನ ರೇಡಿಯೊ ವರದಿಯೊಂದರಿಂದ ಚರ್ಚೆಗೆ ಬಂತು. ಅವರ ಸಂಬಳ ವರ್ಷಕ್ಕೆ ಸುಮಾರು 2.3 ಲಕ್ಷ ಡಾಲರ್. ಅದರ ಹತ್ತು ಪಟ್ಟಿಗೂ ಮಿಕ್ಕಿದ ಹಣ, ಸುಮಾರು 27.5 ಲಕ್ಷ ಡಾಲರ್, ‘ವೃತ್ತಿಪರ ಸೇವೆ’ಯ ಲೆಕ್ಕದಲ್ಲಿ ಬಿಸಿಎಲ್‌ಟಿ 2 ಎಂಬ ಕಂಪನಿಗೆ ಹೋಗುತ್ತಿತ್ತು. ಕಂಪನಿ ಸೆಲ್ಫ್ ಅವರದೇ. ಇದು ಅವರೊಬ್ಬರ ಕಥೆಯಲ್ಲ. ಕ್ಲೆಮ್ಸನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಡಾಬೊ ಸ್ವಿನ್ನಿ 2019ರಲ್ಲಿ ಹತ್ತು ವರ್ಷಕ್ಕೆ 9.3 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದರು; ಅದರಲ್ಲಿ ಮೂಲ ಸಂಬಳ ಎಂದು ಕಾಣಿಸಿದ್ದು ವರ್ಷಕ್ಕೆ 2.45 ಲಕ್ಷ. ಅವರ ಪರವಾನಗಿ ಹಣ ಪಡೆಯಲು ಕ್ಯಾಟ್‌ಬೊ ಎಂಬ ಕಂಪನಿ ಇದೆ. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಆಗಿದ್ದ ಎಡ್ ಓರ್ಜೆರಾನ್ ಅವರ ಕಂಪನಿಯ ಹೆಸರಂತೂ ‘ಓ ದಿ ರೋಸಿ ಫಿಂಚ್ ಬಾಯ್ಜ್’. ಫುಟ್‌ಬಾಲ್ ಕೋಚಿನ ಕಂಪನಿಗಿಂತ ಮಕ್ಕಳ ಪಕ್ಷಿವೀಕ್ಷಣೆ ಸಂಘಕ್ಕೆ ಒಪ್ಪುವ ಹೆಸರು!

ಇದನ್ನು ಕೇಳಿದ ಕೂಡಲೇ ಯಾರಿಗೂ ಹೊಳೆಯುವ ಉತ್ತರ ತೆರಿಗೆ. ಕ್ಯಾನ್ಸಸ್‌ನಲ್ಲಿ ಅದು ನಿಜವೂ ಆಗಿತ್ತು. ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಅವರ ಕಾಲದಲ್ಲಿ, 2012ರಲ್ಲಿ, ಸಣ್ಣ ಉದ್ದಿಮೆಗಳಿಗೆ ನೆರವಾಗಲೆಂದು ಇಂಥ ಕಂಪನಿಗಳ ಆದಾಯಕ್ಕೆ ರಾಜ್ಯದ ಆದಾಯ ತೆರಿಗೆಯನ್ನೇ ತೆಗೆದುಹಾಕಿದರು. 2016ರಲ್ಲಿ ಗರಿಷ್ಠ ದರ ಶೇ 4.6. 27.5 ಲಕ್ಷಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 1.26 ಲಕ್ಷ ಡಾಲರ್‌ಗೂ ಮೇಲಾಗುತ್ತದೆ. ವಿನಾಯಿತಿಯನ್ನು ಕಾನೂನೇ ಕೊಟ್ಟಿತ್ತು, ಕೋಚ್ ಕದ್ದದ್ದೇನೂ ಇಲ್ಲ. ಖಜಾನೆ ಬರಿದಾದ ಮೇಲೆ 2017ರಲ್ಲಿ ಶಾಸಕರು ಗವರ್ನರ್ ವಿಟೋವನ್ನೂ ಮೀರಿ ಅದನ್ನು ರದ್ದು ಮಾಡಿದರು. ಆದರೆ ಲೂಸಿಯಾನದಲ್ಲಿ ಇಂಥ ಪೂರ್ಣ ವಿನಾಯಿತಿ ಇರಲಿಲ್ಲ, ಅಲ್ಲೂ ಕಂಪನಿ ಇತ್ತು. ಕೇಂದ್ರದ ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಇಂಥ ಕಂಪನಿಯ ಲಾಭ ಮಾಲೀಕನ ಲೆಕ್ಕಕ್ಕೇ ಸೇರಿ, ಅವನ ದರದಲ್ಲೇ ತೆರಿಗೆಗೆ ಒಳಪಡುತ್ತದೆ. 2017ರ ತೆರಿಗೆ ಸುಧಾರಣೆ ಇಂಥ ಆದಾಯಕ್ಕೆ ಶೇ 20ರ ಕಡಿತ ಕೊಟ್ಟಿತಾದರೂ ಕ್ರೀಡಾ ಸೇವೆಯಿಂದ ದೊಡ್ಡ ಆದಾಯ ಪಡೆಯುವವರನ್ನು ಹೊರಗಿಟ್ಟಿತು. ಹಾಗಾದರೆ ಉಳಿಯುವುದೇನು? ಕಂಪನಿಯನ್ನು ಜಾಣತನದಿಂದ ರಚಿಸಿಕೊಂಡರೆ ಲಾಭಾಂಶದ ಮೇಲೆ ಮೆಡಿಕೇರ್ ಎಂಬ ಆರೋಗ್ಯ ವಿಮೆಯ ತೆರಿಗೆಯಲ್ಲಿ ಒಂದಿಷ್ಟು ಉಳಿತಾಯ. ಏಜೆಂಟರ ಕಮಿಷನ್ ಮೊದಲಾದ ಖರ್ಚನ್ನು ಕಳೆದುಕೊಳ್ಳುವ ಅವಕಾಶ. 2018ರಿಂದ ಸಂಬಳದಾರರಿಗೆ ಆ ಅವಕಾಶ ಇಲ್ಲ. ಬೇಡವೆನ್ನುವಂಥ ಹಣವಲ್ಲ ಇದು. ಆದರೆ ಇಡೀ ಪದ್ಧತಿಗೆ ಕಾರಣ ಇಷ್ಟೇ ಎನ್ನುವುದು ನನಗೆ ಸಾಲದು. ಕಂಪನಿ ಕೋಚ್‌ಗೆ ಎಷ್ಟು ಬೇಕೋ ವಿಶ್ವವಿದ್ಯಾಲಯಕ್ಕೂ ಅಷ್ಟೇ ಬೇಕು ಎಂಬುದು ನನ್ನ ವಾದ.

ಈ ಪದ್ಧತಿಯ ಬೇರು ಹಳೆಯದು. ಅಲಬಾಮ ವಿಶ್ವವಿದ್ಯಾಲಯದ ದಂತಕಥೆಯಾದ ಫುಟ್‌ಬಾಲ್ ಕೋಚ್ ಬೇರ್ ಬ್ರಯಂಟ್ ವಾರಕ್ಕೊಮ್ಮೆ ಟಿವಿಯಲ್ಲಿ ಕೂತು ಪಂದ್ಯದ ವಿಮರ್ಶೆ ಮಾಡುತ್ತಿದ್ದರು. ಪ್ರಾಯೋಜಕರು ಗೋಲ್ಡನ್ ಫ್ಲೇಕ್ ಚಿಪ್ಸ್ ಮತ್ತು ಕೋಕಾ ಕೋಲಾ. 1970ರ ದಶಕದ ಕೊನೆಯಲ್ಲಿ ಸನ್ನಿ ವಕಾರೊ ನೈಕಿಯ ಪರವಾಗಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳಿಗೆ ನೇರವಾಗಿ ಹಣ ಕೊಟ್ಟು ಅವರ ಹುಡುಗರ ಕಾಲಿಗೆ ತಮ್ಮ ಶೂ ತೊಡಿಸಿದರು. ಆಗ ಎರಡು ಬಗೆಯ ಹಣ ನಿಜಕ್ಕೂ ಬೇರೆಬೇರೆ ಕಡೆಯಿಂದ ಬರುತ್ತಿತ್ತು: ಸಂಬಳ ವಿಶ್ವವಿದ್ಯಾಲಯದಿಂದ, ಮೇಲಿನದು ಹೊರಗಿನವರಿಂದ. ಮುಂದೆ ವಿಶ್ವವಿದ್ಯಾಲಯಗಳೇ ಶೂ ಕಂಪನಿಯ ಜೊತೆ, ಪ್ರಸಾರ ಹಕ್ಕು ಕೊಳ್ಳುವವರ ಜೊತೆ ಒಟ್ಟು ಒಪ್ಪಂದ ಮಾಡಿಕೊಂಡವು. ಕೋಚ್‌ಗೆ ತಪ್ಪಿದ್ದನ್ನು ತಾವೇ ತುಂಬಿಕೊಡತೊಡಗಿದವು. ಕೊಡುವ ಕೈ ಒಂದೇ ಆಯಿತು, ಬಾಬ್ತು ಮಾತ್ರ ಎರಡಾಗಿಯೇ ಉಳಿಯಿತು.

ಹಾಗೆ ಉಳಿದದ್ದು ಮರೆವಿನಿಂದಲ್ಲ. ನಮ್ಮ ಕಾಲೇಜು ಕ್ರೀಡೆಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಒಂದು ಮಾತು: ಅಲ್ಲಿ ಲಕ್ಷ ಜನ ಕೂರುವ ಕಾಲೇಜು ಕ್ರೀಡಾಂಗಣಗಳಿವೆ, ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ವೇತನ ಪಡೆಯುವವರ ಪೈಕಿ ಮೊದಲ ಸ್ಥಾನ ಕೋಚ್‌ನದು. ಪ್ರಾಧ್ಯಾಪಕರ, ಕುಲಪತಿಗಳ ಸಾಲಿನಲ್ಲಿ ಕೋಟಿ ಡಾಲರ್‌ನ ಹೆಸರು ಕೂತರೆ ಕಣ್ಣಿಗೆ ಚುಚ್ಚುತ್ತದೆ; 2.45 ಲಕ್ಷ ಚುಚ್ಚುವುದಿಲ್ಲ. ಅದಕ್ಕಿಂತ ಗಟ್ಟಿ ಕಾರಣ ಪಿಂಚಣಿ. ಒರೆಗಾನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಆಗಿದ್ದ ಮೈಕ್ ಬೆಲ್ಲೊಟಿ ಅವರ ಪಿಂಚಣಿ ತಿಂಗಳಿಗೆ 46,000 ಡಾಲರ್ ದಾಟಿದ್ದನ್ನು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಮೂಲ ಸಂಬಳದ ಜೊತೆಗೆ ಪರವಾನಗಿ, ಜಾಹೀರಾತಿನ ಹಣವೂ ಪಿಂಚಣಿಯ ಲೆಕ್ಕಕ್ಕೆ ಸೇರಿದ್ದೇ ಕಾರಣ. ಕೋಚ್ ಮೈದಾನ ಬಿಟ್ಟರೂ ರಾಜ್ಯ ಅವರ ಜೀವಮಾನವಿಡೀ ಕೊಡುತ್ತಿರಬೇಕು. ಅದೇ ಹಣ ಕಂಪನಿಯೊಂದಕ್ಕೆ ಹೋಗಿದ್ದರೆ ಈ ತಲೆನೋವು ಇರುತ್ತಿರಲಿಲ್ಲ. ಕಂಪನಿಗೆ ಪಿಂಚಣಿ ಇಲ್ಲ. ಕೋಚ್‌ನ ವಕೀಲರು ಮುಂದಿಟ್ಟ ಕಾಗದಕ್ಕೆ ವಿಶ್ವವಿದ್ಯಾಲಯದ ವಕೀಲರು ನಗುನಗುತ್ತ ಸಹಿ ಹಾಕುವುದು ಯಾಕೆ ಎಂದು ಇಲ್ಲಿ ತಿಳಿಯುತ್ತದೆ.

ಸಿನಿಮಾ ನಟರು ಸ್ವಂತ ಕಂಪನಿ ಇಟ್ಟುಕೊಂಡು ದಶಕಗಳಿಂದ ಇದನ್ನೇ ಮಾಡುತ್ತಿಲ್ಲವೇ ಎಂದು ಕೇಳಬಹುದು. ಮಾಡುತ್ತಾರೆ. ಆದರೆ ನಟ ಇಂದು ಒಬ್ಬ ನಿರ್ಮಾಪಕನಿಗೆ, ನಾಳೆ ಇನ್ನೊಬ್ಬನಿಗೆ ದುಡಿಯುತ್ತಾನೆ. ಕೋಚ್ ವರ್ಷವಿಡೀ ಒಂದೇ ಸಂಸ್ಥೆಯ ಕೈಕೆಳಗಿದ್ದಾನೆ. ಒಂದು ಮರದ ಹಣ್ಣನ್ನು ಇನ್ನೊಂದು ಮರದ್ದೆಂದು ತೋರಿಸಲಾಗದು ಎಂಬರ್ಥದಲ್ಲಿ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ 1930ರಲ್ಲೇ ತೀರ್ಪು ಕೊಟ್ಟಿದ್ದರು: ದುಡಿದವನೇ ತೆರಿಗೆ ಕೊಡಬೇಕು. ಆಮೇಲೂ ನ್ಯಾಯಾಲಯಗಳು ಒಂದೇ ಸ್ವರದಲ್ಲಿ ಮಾತಾಡಿಲ್ಲ. ತಮ್ಮ ಗಳಿಕೆ ಕಂಪನಿಯದೆಂದು ವಾದಿಸಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಜಾನ್ಸನ್ 1982ರಲ್ಲಿ ತೆರಿಗೆ ವ್ಯಾಜ್ಯದಲ್ಲಿ ಸೋತರು, ತಂಡ ಸಹಿ ಮಾಡಿಸಿಕೊಂಡಿದ್ದು ಅವರ ಜೊತೆಗೇ ಹೊರತು ಕಂಪನಿಯ ಜೊತೆಗಲ್ಲ ಎಂದು. 1991ರಲ್ಲಿ ಇಬ್ಬರು ಐಸ್ ಹಾಕಿ ಆಟಗಾರರು ಮೇಲ್ಮನವಿಯಲ್ಲಿ ಗೆದ್ದರು, ಕಾಗದಪತ್ರ ಕಂಪನಿಯ ಹೆಸರಿನಲ್ಲಿ ಸರಿಯಾಗಿತ್ತು ಎಂದು. 1995ರಲ್ಲಿ ಹ್ಯೂಸ್ಟನ್ ರಾಕೆಟ್ಸ್‌ನ ಆಲೆನ್ ಲೆವೆಲ್ ಸೋತರು, ಆಟಗಾರನ ಮೇಲೆ ನಿಜವಾದ ಹಿಡಿತ ತಂಡದ್ದೇ ಎಂದು. ನನಗೆ ಈ ಕೊನೆಯ ತರ್ಕವೇ ಒಪ್ಪಿಗೆ. ಕೋಚಿಂಗ್ ಮಾಡುವುದಕ್ಕೆ ಕಂಪನಿ ಎಂಬ ವೇಷ ನಿಲ್ಲುವುದು ಕಷ್ಟವೆಂದು ಒಪ್ಪಂದ ಬರೆಯುವವರಿಗೂ ಗೊತ್ತು. ಆದ್ದರಿಂದಲೇ ಅವರು ಹೆಸರು, ಚಿತ್ರ, ಮಾಧ್ಯಮ ಸೇವೆಗಳ ಮಾತೆತ್ತುತ್ತಾರೆ.

ಆ ಮಾತಿನಲ್ಲೂ ತಿರುಳಿದೆ. ಅಲಬಾಮದ ಫುಟ್‌ಬಾಲ್ ಕೋಚ್ ಆಗಿದ್ದ ನಿಕ್ ಸೇಬನ್ ಅವರ ಮುಖ ಕಂಡರೆ ವಿಮೆ ಮಾರಾಟವಾಗುತ್ತದೆಂದು ಆಫ್ಲ್ಯಾಕ್ ಅವರನ್ನು ಜಾಹೀರಾತಿಗೆ ಕರೆಯಿತು. ಅದು ಕೀರ್ತಿಯ ಬೆಲೆ, ಸಂಬಳವಲ್ಲ. ಆದರೆ ವಿಶ್ವವಿದ್ಯಾಲಯ ಕೊಡುವ ‘ಕೀರ್ತಿಯ ಬೆಲೆ’ಯನ್ನು ಒಂದು ಕಡೆ ಒರೆಗೆ ಹಚ್ಚಬಹುದು: ಕೋಚ್‌ನನ್ನು ತೆಗೆದುಹಾಕುವ ದಿನ. ಅಂದು ಕೊಡುವ ಪರಿಹಾರವನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಮೂಲ ಸಂಬಳದ ಮೇಲಲ್ಲ, ಒಟ್ಟು ಮೊತ್ತದ ಮೇಲೆ. 2023ರಲ್ಲಿ ಫುಟ್‌ಬಾಲ್ ಕೋಚ್ ಜಿಂಬೊ ಫಿಶರ್‌ರನ್ನು ಮನೆಗೆ ಕಳಿಸಲು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಒಪ್ಪಿಕೊಂಡದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು. ಬೇಡವಾದ ಕೋಚ್‌ನ ಚಿತ್ರಕ್ಕೆ ಯಾವ ವಿಶ್ವವಿದ್ಯಾಲಯವೂ ಬೆಲೆ ಕೊಡುವುದಿಲ್ಲ. ಕೊಡುತ್ತಿರುವುದು ಬಾಕಿ ಸಂಬಳ. ಅಟ್ಲಾಂಟಿಕ್‌ನ ಆಚೆ ದಡದಲ್ಲೂ ಇದೇ ಗೊಂದಲ. ಸ್ಪೇನ್‌ನ ಕಾನೂನು ಚಿತ್ರಹಕ್ಕಿನ ಕಂಪನಿಗೆ ಒಟ್ಟು ಮೊತ್ತದ ಶೇ 15ರವರೆಗೆ ಅವಕಾಶ ಕೊಟ್ಟು ಗೆರೆ ಎಳೆದಿತ್ತು. ಆದರೂ ಚಿತ್ರಹಕ್ಕಿನ ಆದಾಯದ ತೆರಿಗೆ ವಿಷಯದಲ್ಲೇ ಅಲ್ಲಿ ಸಾಕರ್ ಕೋಚ್‌ಗಳಾಗಿದ್ದ ಮೊರಿನ್ಯೊ 2019ರಲ್ಲಿ, ಆಂಚೆಲೊಟಿ 2025ರಲ್ಲಿ ತಲಾ ಒಂದು ವರ್ಷದ ಶಿಕ್ಷೆಗೆ ಗುರಿಯಾದರು.

ಇದು ತೆರಿಗೆದಾರರ ಹಣವೇ ಅಲ್ಲ, ಟಿಕೆಟ್ ಮತ್ತು ದಾನಿಗಳದ್ದು ಎಂಬ ಸಮಾಧಾನವನ್ನೂ ಒಪ್ಪಲಾರೆ. ಒಳ್ಳೆಯ ಆಸನ ಪಡೆಯಲು ಕೊಟ್ಟ ‘ದಾನ’ದ ಶೇ 80ಕ್ಕೆ 2017ರವರೆಗೆ ತೆರಿಗೆ ರಿಯಾಯಿತಿ ಇತ್ತು. ಇನ್ನೂ ಕಹಿಯಾದದ್ದು ಆಟಗಾರರ ಸ್ಥಿತಿ: ಕೋಚ್‌ನ ಹೆಸರು, ಚಿತ್ರ ಲಕ್ಷಾಂತರಕ್ಕೆ ಮಾರಾಟವಾಗುತ್ತಿದ್ದ ಕಾಲದಲ್ಲಿ, 2021ರ ಜುಲೈ 1ರವರೆಗೆ, ಅದೇ ಮೈದಾನದ ಹುಡುಗ ತನ್ನ ಚಿತ್ರದಿಂದ ಹಣ ಪಡೆದರೆ ಆಡುವ ಅರ್ಹತೆಯನ್ನೇ ಕಳೆದುಕೊಳ್ಳುತ್ತಿದ್ದ. ಹಾಗಾದರೆ ಮಾಡಬೇಕಾದ್ದೇನು? ಹೊರಗಿನ ಜಾಹೀರಾತಿನ ಹಣ ಕೋಚ್‌ನ ಕಂಪನಿಗೆ ಧಾರಾಳವಾಗಿ ಹೋಗಲಿ. ಪಿಂಚಣಿಯ ಭಯವಿದ್ದರೆ ಪಿಂಚಣಿ ನಿಯಮಕ್ಕೇ ಮಿತಿ ಹಾಕಲಿ. ವಿಶ್ವವಿದ್ಯಾಲಯ ಕೊಡುವ ಹಣವನ್ನು ಮಾತ್ರ ಪೂರ್ತಿಯಾಗಿ ಸಂಬಳ ಎಂದೇ ಬರೆಯಬೇಕು.