ಕಸುಬಿನ ಪಟ್ಟಿಗೆ ಸಿಗದ ಮನೆ

2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಕೋವಿಡ್ ಪ್ಯಾಕೇಜ್ ಘೋಷಿಸಿದಾಗ ಲಾಕ್‌ಡೌನ್‌ಗೆ ಆರು ವಾರ ತುಂಬಿತ್ತು. 7.75 ಲಕ್ಷ ಆಟೊ, ಟ್ಯಾಕ್ಸಿ ಚಾಲಕರಿಗೆ, 2.30 ಲಕ್ಷ ಕ್ಷೌರಿಕರಿಗೆ, 60 ಸಾವಿರ ಅಗಸರಿಗೆ ತಲಾ 5,000 ರೂಪಾಯಿ, ಒಂದು ಸಲಕ್ಕೆ. ದುಡಿಯುವವರ ಕೈಗೇ ಹಣ ಸೇರಬೇಕೆಂದು ಸರ್ಕಾರ ಒಪ್ಪಿದ್ದು ಸಣ್ಣ ಮಾತಲ್ಲ. ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಪ್ಯಾಕೇಜ್ ಕಸುಬನ್ನು ಎಣಿಸಿತು, ಮನೆಯನ್ನು ಎಣಿಸಲಿಲ್ಲ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆಯ ವಠಾರಗಳಲ್ಲಿ ಒಬ್ಬರ ದುಡಿಮೆಯಿಂದಲೇ ಸಾಗುವ ಸಂಸಾರ ಕಡಿಮೆ. ಗಂಡ ಆಟೊ ಓಡಿಸುತ್ತಾನೆ, ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಅತ್ತೆ ನಾಲ್ಕು ಮನೆಯ ಮುಸುರೆ ತಿಕ್ಕುತ್ತಾರೆ. ಅವನ ದುಡ್ಡು ದಿನಸಿಗೆ, ಅವಳ ಸಂಬಳ ಮನೆ ಬಾಡಿಗೆಗೂ ಸಂಘದ ಕಂತಿಗೂ, ಅತ್ತೆಯದು ಮಾತ್ರೆಗೆ, ಮಕ್ಕಳ ಪುಸ್ತಕಕ್ಕೆ. ಮಾರ್ಚ್ 25ರಿಂದ ಮೂರೂ ಒಟ್ಟಿಗೆ ನಿಂತವು. ಪಟ್ಟಿಯಲ್ಲಿ ಚಾಲಕನಿದ್ದ, ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ಮನೆಗೆಲಸದವರೂ ಇರಲಿಲ್ಲ. ಚಾಲಕನಾದರೂ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಕಾಯಬೇಕಿತ್ತು.

ಒಬ್ಬರ ಕೆಲಸ ಹೋದರೆ ಇನ್ನೊಬ್ಬರ ಸಂಬಳ ಮನೆಯನ್ನು ಹಿಡಿದು ನಿಲ್ಲಿಸುತ್ತದೆ. ಎಲ್ಲರದೂ ಹೋದರೆ ಮುಂದಿನ ವರ್ಷಗಳ ದುಡಿಮೆಯನ್ನು ಇಂದೇ ಉಣ್ಣಬೇಕಾಗುತ್ತದೆ. ಮೊದಲು ಓಲೆ ಅಡವಿಗೆ ಹೋಗುತ್ತದೆ, ಆಮೇಲೆ ಕೈಸಾಲ, ಕಡೆಗೆ ಪಿಎಫ್. ಮೂರು ತಿಂಗಳ ಸಂಬಳ ಅಥವಾ ಖಾತೆಯ ಶೇ 75, ಯಾವುದು ಕಡಿಮೆಯೋ ಅಷ್ಟನ್ನು ತೆಗೆಯಲು ಕೇಂದ್ರ ಅವಕಾಶ ಕೊಟ್ಟಿತು. ಅದು ಪರಿಹಾರವಲ್ಲ, ಕಾರ್ಮಿಕರದೇ ಉಳಿತಾಯ. ಬ್ಯಾಂಕ್ ಸಾಲದ ಕಂತು ಆಗಸ್ಟ್‌ವರೆಗೆ ಮುಂದೆ ಹೋಯಿತು, ಬಡ್ಡಿ ನಿಲ್ಲಲಿಲ್ಲ. ಹಾಗಾಗಿ ಕೆಲಸ ಮರಳಿ ಸಿಕ್ಕವರಿಗೂ ಹಳೆಯ ಆದಾಯ ಮರಳಲಿಲ್ಲ. ಸಂಬಳದ ಒಂದು ಪಾಲು ಲಾಕ್‌ಡೌನ್‌ನ ಸಾಲಕ್ಕೇ ಹೋಗುತ್ತಿತ್ತು.

2021ರ ಮೇ ಪ್ಯಾಕೇಜಿನಲ್ಲಿ ಮನೆಗೆಲಸದವರು ಸೇರಿದರು, 2,000 ರೂಪಾಯಿಗೆ. ಚಾಲಕರ ಮೊತ್ತ 3,000ಕ್ಕೆ ಇಳಿಯಿತು. ಪಟ್ಟಿ ಬೆಳೆಯಿತು, ದೋಷ ಉಳಿಯಿತು.

ಆ ದಿನಗಳಲ್ಲಿ ಬಡವರ ಕೈಹಿಡಿದದ್ದು ರೇಷನ್ ಅಕ್ಕಿ. ತಲೆಗೆ 5 ಕಿಲೊ ಹೆಚ್ಚುವರಿ ಧಾನ್ಯಕ್ಕೆ ಹೊಸ ಅರ್ಜಿ ಬೇಕಿರಲಿಲ್ಲ, ಕಾರ್ಡಿನಲ್ಲಿ ಮನೆಮಂದಿಯ ಹೆಸರು ಮೊದಲೇ ಇತ್ತು. ಹೊರರಾಜ್ಯದ ಎಷ್ಟೋ ಕಾರ್ಮಿಕರಿಗೆ ಇಲ್ಲಿ ಕಾರ್ಡೇ ಇರಲಿಲ್ಲ ಎಂಬ ಕೊರತೆಯನ್ನು ತುಂಬಿಕೊಂಡು, ಹಣವನ್ನೂ ಅದೇ ದಾರಿಯಲ್ಲಿ, ಕೆಲಸ ಶುರುವಾಗುವವರೆಗೆ ತಿಂಗಳು ತಿಂಗಳೂ ಕಳಿಸಬೇಕಿತ್ತು. ಅದು ಆಗದ ಕೆಲಸವೇನಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡಿನ ಯಜಮಾನಿಯ ಖಾತೆಗೇ ಹೋಗುತ್ತಿದೆ.